ಅರ್ಧ ಗಂಟೆಯ ಶಿವಮೊಗ್ಗ

ಸೊಂಟ ಇನ್ನೂ ಹಿಡಿದುಕೊಂಡೇ ಇದೆ. ತುಮಕೂರಿನಿಂದ ಶಿವಮೊಗ್ಗಕ್ಕೆ ಮದುವೆಗೆ ಹೋಗಿಬಂದೆ ಅಂದರೆ ಎಲ್ಲರೂ ಬಸ್ಸನ್ನೇ ಬೈಯುತ್ತಾರೆ. ಪಾಪ, ಬಸ್ಸಿನದೇನೂ ತಪ್ಪಿಲ್ಲ. ನಾವು ಹೋಗಿದ್ದು ವಿಮಾನದಲ್ಲಿ.

ರಿಟೈರ್ ಆದ ಮೇಲೆ ನಮ್ಮ ಭಾವನ ಮೊಬೈಲಿಗೆ ಎಲ್ಲಿಂದಲೋ ಒಂದು ಲೆಕ್ಕದ ಯಂತ್ರ ಬಂದು ಸೇರಿದೆ. ಎರಡು ಊರಿನ ಹೆಸರು ಕೊಟ್ಟರೆ ಸಾಕು, ಆಕಾಶಮಾರ್ಗದ ದೂರ, ಹಾರುವ ಹೊತ್ತು ಎರಡನ್ನೂ ಹೇಳಿಬಿಡುತ್ತದೆ. ಬಿ.ಎಚ್. ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಹಿಂದೆ ಕೂತು, "ಗುಬ್ಬಿ ಎರಡೇ ನಿಮಿಷ ಕಣಯ್ಯ, ತಿಪಟೂರು ಎಂಟು" ಅನ್ನುತ್ತಾರೆ. ಸಿಗ್ನಲ್ ಮಾತ್ರ ಬಿಟ್ಟಿರುವುದಿಲ್ಲ.

"ದೇವನಹಳ್ಳಿಯಿಂದ ಶಿವಮೊಗ್ಗಕ್ಕೆ ನೆಟ್ಟಗೆ 240 ಕಿಲೋಮೀಟರ್. ಎಟಿಆರ್ ವಿಮಾನ ಗಂಟೆಗೆ 500 ಹೋಗುತ್ತೆ. ಅರ್ಧ ಗಂಟೆ!" ಅಂತ ಟಿಕೆಟ್ ಮಾಡಿಸಿಯೇಬಿಟ್ಟರು. ಮನೆ ಹತ್ತಿರದ ಬಿ.ಎಚ್. ರಸ್ತೆ ಶಿವಮೊಗ್ಗದ ಮೇಲೇ ಹೊನ್ನಾವರಕ್ಕೆ ಹೋಗುವುದು. ಅದನ್ನು ಬಿಟ್ಟು ನಾವು ನಸುಕಿನಲ್ಲೆದ್ದು ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಅಂತ ಪೂರ್ವಕ್ಕೆ ಹೊರಟೆವು, ಪಶ್ಚಿಮಕ್ಕೆ ಹೋಗಲಿಕ್ಕೆ. ಮ್ಯಾಪಿನಲ್ಲಿ ಆ ಎರಡು ಏರ್‌ಪೋರ್ಟುಗಳ ನಡುವೆ ಗೆರೆ ಎಳೆದು ನೋಡಿ, ನಮ್ಮ ತುಮಕೂರಿನ ಪಕ್ಕದ ದೇವರಾಯನದುರ್ಗದ ನೆತ್ತಿಯ ಮೇಲೇ ಹಾಯುತ್ತದೆ. ಅಂದರೆ ನಮ್ಮ ಮನೆ ಮೇಲೆ ಹಾರುವುದಕ್ಕೆ ನಾವು ಟ್ಯಾಕ್ಸಿಗೆ ದುಡ್ಡು ಕೊಟ್ಟೆವು.

ದೇವನಹಳ್ಳಿಯಲ್ಲಿ ಮಂಜು. ಅದು ಸಾಲದೆಂಬಂತೆ ಸ್ಕ್ಯಾನಿಂಗಿನಲ್ಲಿ ಭಾವನ ಬ್ಯಾಗು ಪಕ್ಕಕ್ಕೆ ಹೋಯಿತು. ಒಳಗಿದ್ದದ್ದು ಮದುವೆಮನೆಗೆಂದು ತಂದ ತಿಪಟೂರಿನ ಉಂಡೆ ಕೊಬ್ಬರಿ. ಎಣ್ಣೆ ಅಂಶ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ವಿಮಾನದಲ್ಲಿ ಬಿಡಲ್ಲ ಅಂದಳು ಸೆಕ್ಯುರಿಟಿಯ ಹುಡುಗಿ.

"ನಮ್ಮ ತಾತನ ಕಾಲದಿಂದ ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟಿದ್ದೀವಮ್ಮ. ಒಂದೂ ಹೊತ್ತಿಕೊಂಡಿಲ್ಲ!"

"ಸರ್, ಅದು ಅಟ್ಟ. ಇದು ವಿಮಾನ."

"ಅರ್ಧ ಗಂಟೆ ತಾನೇ? ಅಷ್ಟರೊಳಗೆ ಏನು ಹೊತ್ಕೊಳ್ಳುತ್ತೆ?"

ಹಿಂದಿನ ಸಾಲು ಗೊಣಗತೊಡಗಿತು. ಬಿಸಾಡಲು ಮನಸ್ಸಾಗದೆ ಭಾವ ಒಂದು ಗಿಟುಕನ್ನು ಅಲ್ಲೇ ಒಡೆದು, ನನಗೊಂದು ಚೂರು ಕೊಟ್ಟು, ಆ ಹುಡುಗಿಗೂ ಚಾಚಿದರು. ಅವಳು ನಗು ತಡೆದುಕೊಂಡು ಡಬ್ಬಿ ತೋರಿಸಿದಳು. ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು, ಬಾಯಿತುಂಬ ಕೊಬ್ಬರಿ ಜಗಿಯುತ್ತಾ ಭಾವ ಮುನ್ನಡೆದರು.

ಮಂಜು ಕರಗುವವರೆಗೆ ಕಾದು, ಬಸ್ಸಿನಲ್ಲಿ ವಿಮಾನದ ಬುಡಕ್ಕೆ ಹೋಗಿ, ಅದು ರನ್‌ವೇ ಸೇರುವುದನ್ನು ಮತ್ತೆ ಕಾದು, ಅಂತೂ ಹಾರಿದೆವು. ಈ ಹೊತ್ತನ್ನು ಯಾವ ಯಂತ್ರವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾವ ಕಿಟಕಿಗೆ ಹಣೆ ಒತ್ತಿ ನಮ್ಮ ಮನೆ ಹುಡುಕಿದರು, ಸಿಗಲಿಲ್ಲ. ಅಕ್ಕ ಇದ್ದಾಗ ಇದೇ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗುತ್ತಿದ್ದೆವು. ಅರಸೀಕೆರೆಗೆ ಮುಂಚೆಯೇ ಅವಳ ಚಿತ್ರಾನ್ನದ ಡಬ್ಬಿ ಖಾಲಿ. ಆಗ ಭಾವ ನಿಮಿಷ ಎಣಿಸಿದ್ದನ್ನು ನಾನು ಕಂಡಿಲ್ಲ.

2023ರಲ್ಲಿ ಶುರುವಾದ ಸೋಗಾನೆಯ ಏರ್‌ಪೋರ್ಟಿನಲ್ಲಿ ಇಳಿದಿದ್ದೇ ತಡ, "3,200 ಮೀಟರ್ ರನ್‌ವೇ!" ಅಂತ ಭಾವ ಮತ್ತೆ ಚಿಗುರಿದರು. ಛತ್ರ ಮುಟ್ಟುವಾಗ ಮುಹೂರ್ತ ಮುಗಿದು ಎರಡನೇ ಪಂಕ್ತಿ ಏಳುತ್ತಿತ್ತು. ಬೆಳಗಿನ ಬಸ್ಸು ಹತ್ತಿದ್ದ ಚಿಕ್ಕಮ್ಮ ಧಾರೆ ನೋಡಿ, ಉಂಡು, ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಅವರ ಕೊಬ್ಬರಿಯೂ ಸುಖವಾಗಿ ಬಂದು ಸೇರಿತ್ತು.

ಮೂರನೇ ಪಂಕ್ತಿಯಲ್ಲಿ ಪಕ್ಕದ ಎಲೆಯಿಂದ ಭಾವನ ದನಿ: "ಹಾಸನದ ಏರ್‌ಪೋರ್ಟ್ ಒಂದು ಮುಗೀಲಿ. ಅಲ್ಲಿಂದ ಇಲ್ಲಿಗೆ ಬರೀ ಹದಿಮೂರು ನಿಮಿಷ."

"ತುಮಕೂರಿಂದ ಹಾಸನಕ್ಕೆ, ಭಾವ?"

"ಕಾರಲ್ಲಿ ಮೂರು ಗಂಟೆ. ಅದನ್ನೆಲ್ಲ ಇದರಲ್ಲಿ ಸೇರಿಸಬಾರದು ಕಣಯ್ಯ."