300 ಕೆಬಿಯ ಮದುವೆ

ಕಲಬುರಗಿಯ ಬಹುತೇಕ ಮನೆಗಳ ಅಲಮಾರಿಯಲ್ಲಿ, ಬಂಗಾರದ ಡಬ್ಬಿಯ ಮಗ್ಗುಲಿಗೆ, ಅರಿಷಿಣದ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪೆನ್ ಡ್ರೈವ್ ಇರುತ್ತದೆ. "ಪೂರಾ ಮದುವಿ ಇದರಾಗ ಅದ ನೋಡ್ರಿ. ಮುತ್ಯಾ ಕುಣದಿದ್ದೂ ಅದ" ಎಂದು ಭಾರಿ ಭಕ್ತಿಯಿಂದ ಬಿಚ್ಚಿ ಕೊಡುತ್ತಾರೆ. ಕಂಪ್ಯೂಟರಿಗೆ ಚುಚ್ಚಿದರೆ ಒಳಗೆ ಒಂದೇ ಒಂದು ಫೈಲು, ಮೂವಿ ಮೇಕರ್ ಎಂಬ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನದು. ತೂಕ 300 ಕೆಬಿ. ಆಗಿನ ವಿಡಿಯೋ ಕ್ಯಾಮರಾದ ಡಿವಿ ಕ್ಯಾಸೆಟ್ಟಿನ ಒಂದು ಗಂಟೆಗೆ ಸುಮಾರು 13 ಜಿಬಿ ಬೇಕು. 300 ಕೆಬಿಯಲ್ಲಿ ಮುತ್ಯಾನ ರುಮಾಲಿನ ತುದಿಯೂ ಹಿಡಿಯುವುದಿಲ್ಲ.

ಅದು ಪ್ರಾಜೆಕ್ಟ್ ಫೈಲು. ಅಡುಗೆಯವನು ಕಿರಾಣಿ ಅಂಗಡಿಗೆ ಬರೆದುಕೊಟ್ಟ ಚೀಟಿ ಇದ್ದಂತೆ. ಯಾವ ಕ್ಲಿಪ್ಪು ಎಲ್ಲಿದೆ, ಎಷ್ಟನೇ ಸೆಕೆಂಡಿಗೆ ಕತ್ತರಿಸಬೇಕು, ಮೇಲೆ ಯಾವ ಹಾಡು ಹಾಕಬೇಕು, ಇಷ್ಟೇ ಅದರಲ್ಲಿರುವುದು. ಹುಗ್ಗಿ ಬೇರೆ ಕಡೆ ಇದೆ.

ಮೊದಲ ತಪ್ಪು ಇಲ್ಲೇ ಆಗುತ್ತದೆ. ಫೈಲು ತೆರೆಯಲಿಲ್ಲ ಎಂದ ಕೂಡಲೇ ಎಲ್ಲರೂ ಸಾಫ್ಟ್‌ವೇರ್ ಹುಡುಕಲು ಓಡುತ್ತಾರೆ. ವಿಂಡೋಸ್ ಮೂವಿ ಮೇಕರನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲೇ ಕೈಬಿಟ್ಟಿದೆ. ಅದೇ ಹೆಸರಿನ ನಕಲಿಗಳು ಮಾತ್ರ ಧಾರಾಳ: ಒಂದು ತಾಸು ದುಡಿಸಿಕೊಂಡು, ಸೇವ್ ಮಾಡುವ ಹೊತ್ತಿಗೆ ರೊಕ್ಕ ಕೇಳುತ್ತವೆ. ಮೊದಲು ಕ್ಲಿಪ್ಪುಗಳನ್ನು ಹುಡುಕಿ. ಹಳೇ ಹಾರ್ಡ್ ಡಿಸ್ಕಿನಲ್ಲಿ 1 ಜಿಬಿಗಿಂತ ದೊಡ್ಡ ಎವಿಐ (ಹೆಸರಿನ ಕೊನೆಗೆ .avi ಇರುವ) ವಿಡಿಯೋ ಫೈಲುಗಳಿದ್ದರೆ ಬಹುಶಃ ಅವೇ. ಬಹುಪಾಲು ವಿಎಲ್‌ಸಿ ಪ್ಲೇಯರಿನಲ್ಲಿ ಹಾಗೇ ಓಡುತ್ತವೆ. ಆಗ ಮಾಡಿದ ಎಡಿಟಿಂಗ್ ಚಮತ್ಕಾರ ಬೇಡವೆನ್ನುವವರು ಇಲ್ಲಿಗೇ ಕೈತೊಳೆದುಕೊಳ್ಳಬಹುದು.

ಬೇಕೇ ಬೇಕೆನ್ನುವವರಿಗೆ ಮುಂದಿನ ಸಂಕಟ ಊರ ಹೆಸರಿನದು. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿಯಾಯಿತು. ಯಾರೋ ಕನ್ನಡಾಭಿಮಾನದಿಂದ "ಗುಲ್ಬರ್ಗಾ ಮದುವೆ" ಎಂಬ ಫೋಲ್ಡರನ್ನೂ "ಕಲಬುರಗಿ ಮದುವೆ" ಮಾಡಿರುತ್ತಾರೆ. ಪ್ರಾಜೆಕ್ಟ್ ಫೈಲಿಗೆ ರಾಜ್ಯಪತ್ರ ಓದುವ ಅಭ್ಯಾಸವಿಲ್ಲ. ಅದು ಇವತ್ತಿಗೂ ಗುಲ್ಬರ್ಗಾದ ಬಾಗಿಲು ಬಡಿಯುತ್ತದೆ, ಯಾರೂ ಓಗೊಡದಿದ್ದರೆ ಕ್ಲಿಪ್ಪುಗಳ ಜಾಗದಲ್ಲಿ ಕೆಂಪು ಗುಣಾಕಾರ ಚಿಹ್ನೆ ಇಟ್ಟು ಕೂರುತ್ತದೆ. ಫೋಲ್ಡರಿಗೆ ಹಳೇ ಹೆಸರು ವಾಪಸ್ ಕೊಡಿ, ಹಟ ಬೇಡ. ಡ್ರೈವಿನ ಅಕ್ಷರವೂ ಅದೇ ಇರಬೇಕು. ಆಗ ಎಫ್ ಡ್ರೈವ್ ಇತ್ತು, ಈಗ ಇಲ್ಲವೆಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ 'ಸಬ್‌ಸ್ಟ್' (subst) ಆದೇಶ ಕೊಟ್ಟು ಯಾವುದೇ ಫೋಲ್ಡರನ್ನು ಎಫ್ ಎಂದು ನಟಿಸಲು ಹಚ್ಚಬಹುದು. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದರೆ ಆ ನಾಟಕ ಮುಗಿಯುತ್ತದೆ, ಮತ್ತೆ ಆದೇಶ ಕೊಡಬೇಕು.

ಆಮೇಲೆ ಬಂದ ಲೈವ್ ಮೂವಿ ಮೇಕರಿನ ಪ್ರಾಜೆಕ್ಟಾದರೆ ಇನ್ನೂ ಸುಲಭ. ಆ ಫೈಲು ಬರೀ ಪಠ್ಯ. ನಕಲು ಮಾಡಿಟ್ಟುಕೊಂಡು ನೋಟ್‌ಪ್ಯಾಡಿನಲ್ಲಿ ತೆರೆದು ಹಳೇ ವಿಳಾಸ ತೆಗೆದು ಹೊಸದು ಹಾಕಿದರಾಯಿತು. ಹಳೇ ವಿಂಡೋಸ್ ಎಕ್ಸ್‌ಪಿ ಕಾಲದ ಫೈಲು ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಎಕ್ಸ್‌ಪಿ ಇರುವ ಹಳೇ ಯಂತ್ರವೋ, ವರ್ಚುವಲ್ ಮಷೀನೋ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ಸಾಫ್ಟ್‌ವೇರ್) ಇದ್ದರೆ ಒಳ್ಳೆಯದು.

ಕ್ಲಿಪ್ಪುಗಳೂ ಅಳಿಸಿಹೋಗಿದ್ದರೆ ಟ್ರಂಕಿನಲ್ಲಿ ಕ್ಯಾಸೆಟ್ ಹುಡುಕುವುದೊಂದೇ ದಾರಿ. ತಗಡಿನ ಕೆಳಗಿನ ಅಟ್ಟದ ಮೇಲಿಟ್ಟಿದ್ದರೆ ದೇವರೇ ಗತಿ; ಏಪ್ರಿಲ್‌ನಲ್ಲಿ ಅಲ್ಲಿ ಹಪ್ಪಳ ಒಣಗುತ್ತದೆ, ಟೇಪು ಉಳಿದೀತೆ? ಕ್ಯಾಸೆಟ್ಟನ್ನು ಒಮ್ಮೆ ಕೊನೆತನಕ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ವರ್ಷಗಟ್ಟಲೆ ಒಂದೇ ಬಿಗುವಿನಲ್ಲಿ ಕೂತ ಸುರುಳಿ ಸಡಿಲಾಗಲಿ. ಮಿನಿ ಡಿವಿ ಕ್ಯಾಮರಾದಿಂದ ಚಿತ್ರ ಇಳಿಸಿಕೊಳ್ಳಲು ಕಂಪ್ಯೂಟರಿಗೆ ಫೈರ್‌ವೈರ್ ಎಂಬ ಪೋರ್ಟ್ ಬೇಕು. ಒಂದು ತುದಿಗೆ ಫೈರ್‌ವೈರ್, ಇನ್ನೊಂದಕ್ಕೆ ಯುಎಸ್‌ಬಿ ಇರುವ ಅಗ್ಗದ ಕೇಬಲ್ ಸಿಗುತ್ತದೆ. ಅದು ಎರಡೂ ಬದಿ ಚೆಂದ ಕೂರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಎರಡರ ಭಾಷೆಯೇ ಬೇರೆ. ಫೈರ್‌ವೈರ್ ಕಾರ್ಡ್ ಹಾಕಿಸಿಕೊಳ್ಳಿ.

"ಐದು ಮಿನಿಟದಾಗ ಕಾಪಿ ಮಾಡಿ ಕೊಡ್ರಿ, ಹೊರಗ ಆಟೋ ನಿಂತದ" ಎನ್ನುವವರಿದ್ದಾರೆ. 60 ನಿಮಿಷದ ಟೇಪಿಗೆ 60 ನಿಮಿಷವೇ ಬೇಕು. ಆಟೋ ಕಳಿಸಿಬಿಡಿ. ಹಾಗೆ ಕಾದು ಕೂತಾಗ ಸುಮಾರು 20ನೇ ನಿಮಿಷಕ್ಕೆ, ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ, ಕ್ಯಾಪ್ಚರ್, ಅಂದರೆ ಟೇಪಿನಿಂದ ಕಂಪ್ಯೂಟರಿಗೆ ಇಳಿಸುವುದು, ನಿಂತುಬಿಡುತ್ತದೆ. ದೃಷ್ಟಿ ತಾಗಿದ್ದಲ್ಲ. ಡಿಸ್ಕನ್ನು ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರುತ್ತಾರೆ, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕಿನಲ್ಲಿ ಈ ಮಿತಿಯಿಲ್ಲ.

ಚಿತ್ರ ಬಂದ ಮೇಲೆ ಮೆರವಣಿಗೆಯಲ್ಲಿ ಕುಣಿಯುವವರ ಕೈಕಾಲಿಗೆಲ್ಲ ಬಾಚಣಿಕೆಯ ಹಲ್ಲು ಮೂಡಿರುತ್ತವೆ. ಆಗಿನ ಕ್ಯಾಮರಾ ಒಂದು ಚಿತ್ರವನ್ನು ಬೆಸ ಗೆರೆ, ಸರಿ ಗೆರೆ ಎಂದು ಎರಡು ಹೊತ್ತಿನಲ್ಲಿ ತೆಗೆಯುತ್ತಿತ್ತು; ಆ ನಡುವಿನ ಸೆಕೆಂಡಿನ 50ರಲ್ಲಿ ಒಂದು ಪಾಲಿನಲ್ಲಿ ಬೀಗರು ಕೈ ಎತ್ತಿರುತ್ತಾರೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಸಾಫ್ಟ್‌ವೇರಿನಲ್ಲಿ ಡಿಇಂಟರ್‌ಲೇಸ್ ಆಯ್ಕೆ ಹಾಕಿದರೆ ಹಲ್ಲು ಉದುರುತ್ತವೆ. ಮೂಲ ಫೈಲು ಹಾಗೇ ಇರಲಿ.

ಕೊನೆಗೆ ಪ್ರಾಜೆಕ್ಟ್ ತೆರೆಯಿತು ಎಂದಿಟ್ಟುಕೊಳ್ಳಿ. ಶೀರ್ಷಿಕೆಯಲ್ಲಿ 'ಮದುವೆ' ಎಂದಿರಬೇಕಾದಲ್ಲಿ ತಲೆಗೆ ಎರಡು ಚುಕ್ಕಿ ಹೊತ್ತ ಇಂಗ್ಲಿಷ್ ಎ, ಓರೆಗೆರೆಯ ಎ, ನಡುವೆ ಒಂದು ಝೆಡ್. ವೈರಸ್ ಎಂದು ಹೌಹಾರಬೇಡಿ. ಅದು ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಫಾಂಟಿನಲ್ಲಿ ಟೈಪಿಸಿದ ಕನ್ನಡ; ನುಡಿ ಹಾಕಿ ಆ ಫಾಂಟನ್ನೇ ಆರಿಸಿದರೆ ಅಕ್ಷರ ತಾನಾಗಿ ಮರಳುತ್ತವೆ, ಮತ್ತೆ ಟೈಪು ಮಾಡುವ ಅಗತ್ಯವಿಲ್ಲ. ಅದರ ಜೊತೆಗೇ ವಿಡಿಯೋದವನ ಅಂಗಡಿ ಹೆಸರು, ಫೋನ್ ನಂಬರು, ಬಂಗಾರ ಬಣ್ಣದಲ್ಲಿ ಪರದೆಯ ಕಾಲುಭಾಗ ತುಂಬಿ ಮರಳುತ್ತವೆ. ಪ್ರಾಜೆಕ್ಟಿನಲ್ಲಿ ಅದು ಬೇರೆ ಪದರ, ಒತ್ತಿ ಅಳಿಸಬಹುದು. ಡಿವಿಡಿಯಷ್ಟೇ ಉಳಿದಿದ್ದರೆ ಕುಣಿಯುವ ಮುತ್ಯಾನ ಮೊಣಕಾಲ ಮೇಲೆ ಆ ನಂಬರು ಕಾಯಂ.