ಗುಳಿಗೆ ಜೊತೆ ಒಂದು ಚೀಟಿ

ರಾಯಚೂರಿನ ನಮ್ಮ ಓಣಿಯಲ್ಲಿ ಮುಟ್ಟಿನ ಹೊಟ್ಟೆನೋವಿಗೆ ಗುಳಿಗೆ ತರುವುದು ತಮ್ಮನ ಕೆಲಸವಾಗಿತ್ತು. ಅವ್ವ ಹಾಳೆಯ ಚೂರಿನಲ್ಲಿ ಹೆಸರು ಬರೆದು, ಮಡಚಿ ಕೊಡುತ್ತಿದ್ದಳು. ಮೆಡಿಕಲ್‌ನವರು ಸ್ಟ್ರಿಪ್‌ನಿಂದ ಎರಡು ಗುಳಿಗೆ ಕತ್ತರಿಸಿ, ಪೇಪರಿನಲ್ಲಿ ಸುತ್ತಿ "ಲಗೂನ ಹೋಗು ತಮ್ಮಾ" ಅನ್ನುತ್ತಿದ್ದರು. ಯಾರಿಗೆ, ಉಂಡಿದ್ದಾರಾ, ಒಂದು ಮಾತಿಲ್ಲ. ಅವಧಿ ಮುಗಿಯುವ ತಾರೀಖು ಉಳಿದ ತುಂಡಿನ ಜೊತೆ ಅಂಗಡಿಯಲ್ಲೇ ಇರುತ್ತಿತ್ತು.

ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ತರಕಾರಿ ಕೊಳ್ಳುವ ಅಂಗಡಿಯಲ್ಲೇ ಐಬುಪ್ರೊಫೇನ್ ಎಂಬ ನೋವಿನ ಗುಳಿಗೆ 16 ಇರುವ ಡಬ್ಬಿ ಸಿಗುತ್ತದೆ. ಮುಟ್ಟಿನ ನೋವಿಗೆ ನ್ಯಾಪ್ರೊಕ್ಸೆನ್ ಎಂಬ ಇನ್ನೊಂದು ಗುಳಿಗೆ ಬೇಕೆಂದರೆ ಮಾತ್ರ ಫಾರ್ಮಸಿಸ್ಟ್ ಮುಂದೆ ನಿಲ್ಲಬೇಕು. ಮೊದಲ ಸಲ ಆಕೆ ಕೇಳಿದಳು: ವಯಸ್ಸು 15ರಿಂದ 50ರ ಒಳಗಾ, ಹೊಟ್ಟೆಯಲ್ಲಿ ಹುಣ್ಣಾಗಿತ್ತಾ, ಅಸ್ತಮಾ ಇದೆಯಾ, ಬಸುರಿಯಾ. ನಾಚಿಕೆಯಿಂದ ಮುಖ ಬಿಸಿಯಾಯಿತು. ಹೊರಗೆ ಬಂದ ಮೇಲೆ ಅವ್ವ ನೆನಪಾದಳು. ಸೋಮವಾರ ಒಪ್ಪತ್ತಿದ್ದ ದಿನವೂ ಬರಿಹೊಟ್ಟೆಗೆ ಗುಳಿಗೆ ನುಂಗಿ, ಉರಿ ತಾಳದೆ ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಆ ಉರಿಯನ್ನೂ ನಾವು ಮುಟ್ಟಿನ ಲೆಕ್ಕಕ್ಕೇ ಸೇರಿಸಿದ್ದೆವು.

ಊರಲ್ಲಿ ಮನೆಮನೆಗೂ ಗೊತ್ತಿರುವ ಮುಟ್ಟಿನ ನೋವಿನ ಗುಳಿಗೆ ಮೆಫೆನಮಿಕ್ ಆಸಿಡ್ ಇಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗದು. ನಮ್ಮ ಕಾನೂನಿನಲ್ಲೂ ಅದು ಶೆಡ್ಯೂಲ್ ಎಚ್ ಔಷಧವೇ, ಅಂದರೆ ವೈದ್ಯರ ಚೀಟಿ ನೋಡಿಯೇ ಮಾರಬೇಕಾದದ್ದು. 2023ರ ನವೆಂಬರ್‌ನಲ್ಲಿ ಔಷಧಗಳ ಗುಣಮಟ್ಟ, ಸುರಕ್ಷತೆ ನೋಡುವ ಭಾರತೀಯ ಫಾರ್ಮಕೋಪಿಯಾ ಆಯೋಗ ಇದರಿಂದ ಅಪರೂಪಕ್ಕೆ ಜ್ವರ, ದದ್ದು ಎದ್ದು ಒಳಗಿನ ಅಂಗಗಳಿಗೂ ಪೆಟ್ಟು ಬೀಳುವ ಅಲರ್ಜಿ ಆಗಬಹುದೆಂದು ಎಚ್ಚರಿಸಿತು.

ಹಾಗಂತ ರಾಯಚೂರಿನಲ್ಲಿ ಚೀಟಿ ಇಲ್ಲದವರನ್ನು ವಾಪಸ್ ಕಳಿಸಿ ಅನ್ನಲಾರೆ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳು ಪ್ರತಿ ತಿಂಗಳು ಡಾಕ್ಟರ ಫೀ ಎಲ್ಲಿಂದ ತಂದಾಳು? ನನ್ನ ಪಿಯುಸಿ ಪರೀಕ್ಷೆ ಉಳಿಸಿದ್ದೂ ಆ ಎರಡು ಗುಳಿಗೆಯೇ. ನನ್ನ ಸಂಕಟ ಬೇರೆ: ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ನಮಗೆ ಯಾರೂ ಹೇಳಲಿಲ್ಲ. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕ ಮೈಯಲ್ಲಿ ಹುಟ್ಟುವುದನ್ನೇ ಈ ಗುಳಿಗೆ ತಡೆಯುತ್ತದೆ. ಹಾಗಾಗಿ ನೋವು ಶುರುವಾದಾಗಲೇ ತಗೊಂಡರೆ ಗುಣ ಹೆಚ್ಚು; ಉಂಡ ಮೇಲೆ ತಗೊಂಡರೆ ಹೊಟ್ಟೆಯ ಉರಿ ಕಡಿಮೆ. ನಾವೋ "ತಡಕೋ, ತಡಕೋ" ಅನ್ನಿಸಿಕೊಂಡು ಸಂಜೆತನಕ ಹಲ್ಲು ಕಚ್ಚಿ, ಆಮೇಲೆ ನುಂಗುತ್ತಿದ್ದೆವು.

ಹೋದ ವರ್ಷ ಅಕ್ಕನ ಮಗಳ ಜೊತೆ ನಾನೇ ಅಂಗಡಿಗೆ ಹೋದೆ. "ಏನೂ ಕೇಳೂದಿಲ್ಲೇನ್ರಿ?" ಅಂದೆ. "ಕೇಳಿದ್ರ ಹೆಣ್ಮಕ್ಳು ನಾಚ್ಕೊಂಡು ಹೊಳ್ಳಿ ಹೋಗ್ತಾರ್ರಿ ಅಕ್ಕಾರ," ಅಂದರು. ಸುಳ್ಳಲ್ಲ, ನಾನೂ ಹೋಗುತ್ತಿದ್ದೆ. ಅವತ್ತು ರಾತ್ರಿ ಹುಡುಗಿ ನೋಟ್‌ಬುಕ್ ಹಾಳೆ ಹರಿದು ಇಪ್ಪತ್ತು ಚೀಟಿ ಬರೆದಳು: ಉಂಡು ತಗೊಳ್ಳಿ, ಹುಣ್ಣು, ಅಸ್ತಮಾ ಇದ್ದರೆ, ಬಸುರಿಯಿದ್ದರೆ ಮೊದಲು ಡಾಕ್ಟರನ್ನು ಕೇಳಿ, ದದ್ದು ಬಂದರೆ ನಿಲ್ಲಿಸಿ, ತೋರಿಸಿ. ಮರುದಿನ ಅಂಗಡಿಯವರು ಅವನ್ನು ಓದಿ, ಗಲ್ಲಾಪೆಟ್ಟಿಗೆ ಪಕ್ಕ, ಸುತ್ತುವ ಪೇಪರಿನ ಮೇಲೆಯೇ ಇಟ್ಟುಕೊಂಡರು.