ಮನೆಯ ಸೌದೆಗೆ ಎಷ್ಟು ಉದ್ದದ ಬಾರ್ ಬೇಕು?

ಹೊರನಾಡಿನಲ್ಲಿ ನೆಲೆಸಿ, ಒಲೆಗೆ ಬೇಕಾದ ಸೌದೆಯನ್ನು ತಾವೇ ಕೊಯ್ದುಕೊಳ್ಳುವ ಕನ್ನಡಿಗರು ಚೈನ್‌ಸಾ ಕೊಳ್ಳಹೊರಟಾಗ ಮೊದಲು ವಿಚಾರಿಸುವುದು ಬಾರ್, ಅಂದರೆ ಈ ಯಂತ್ರಗರಗಸದ ಹಲ್ಲಿನ ಚೈನು ಸುತ್ತ ಓಡುವ ಚಪ್ಪಟೆ ಲೋಹದ ಪಟ್ಟಿ, ಎಷ್ಟು ಇಂಚಿನದು ಎಂದು. ಈ ವಿಷಯದಲ್ಲಿ ಮರ ಕೊಯ್ಯುವವರಲ್ಲೇ ಎರಡು ರೂಢಿಗಳಿವೆ. ಉತ್ತರ ಅಮೆರಿಕದಲ್ಲಿ, ಅದರಲ್ಲೂ ಪೆಸಿಫಿಕ್ ಕರಾವಳಿಯ ಹೆಮ್ಮರಗಳ ಸೀಮೆಯಲ್ಲಿ, ಉದ್ದನೆಯ ಬಾರ್ ಹಾಕುವುದು ವಾಡಿಕೆ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಅಷ್ಟೇ ಶಕ್ತಿಯ ಎಂಜಿನ್ನಿಗೆ 13 ಅಥವಾ 15 ಇಂಚಿನ ಗಿಡ್ಡ ಬಾರ್ ಹಾಕುತ್ತಾರೆ. ಮನೆ ಬಳಕೆಯ ಸೌದೆಗೆ ಗಿಡ್ಡ ಬಾರಿನವರ ರೂಢಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಉದ್ದನೆಯ ಬಾರಿಗೆ ತನ್ನದೇ ಆದ ಅನುಕೂಲವಿದೆ ಎಂಬುದನ್ನು ಒಪ್ಪಬೇಕು. ನೆಲದ ಮೇಲೆ ಬಿದ್ದಿರುವ ದಿಮ್ಮಿಯನ್ನು ಅಷ್ಟಾಗಿ ಬಗ್ಗದೆ ತುಂಡರಿಸಬಹುದು, ದಪ್ಪ ಬೊಡ್ಡೆಯನ್ನು ಒಂದೇ ಬದಿಯಿಂದ ಕೊಯ್ದು ಮುಗಿಸಬಹುದು. ದಿನವಿಡೀ ಭಾರಿ ಮರಗಳನ್ನು ಉರುಳಿಸುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಹತ್ತು ಇಂಚು ದಪ್ಪದ ಕೊರಡಿಗೆ 20 ಇಂಚಿನ ಬಾರ್ ಇಟ್ಟರೆ ಅರ್ಧ ಬಾರ್ ಕೊರಡಿನ ಆಚೆ ಚಾಚಿಕೊಂಡಿರುತ್ತದೆ, ಅಲ್ಲಿ ಚೈನು ಸುಮ್ಮನೆ ಓಡುತ್ತಿರುತ್ತದೆ, ಮತ್ತು ಬಾರಿನ ಮೂತಿ ಏನನ್ನು ತಾಗುತ್ತಿದೆ ಎಂಬುದು ಕೊಯ್ಯುವವರ ಕಣ್ಣಿಗೆ ಬೀಳುವುದಿಲ್ಲ. ಮಣ್ಣು ತಾಗಿದರೆ ಹಲ್ಲಿನ ಮೊನೆ ಹೋಗುತ್ತದೆ, ಅಷ್ಟೇ. ಮೂತಿಯ ಮೇಲ್ಭಾಗ ರಾಶಿಯಲ್ಲಿನ ಇನ್ನೊಂದು ಕೊರಡಿಗೆ ತಾಗಿದರೆ ಮಾತ್ರ ವಿಷಯ ಬೇರೆ. ಬಾರಿನ ಮೇಲಂಚಿನಲ್ಲಿ ಚೈನು ನಮ್ಮಿಂದ ಆಚೆಗೆ ಓಡುತ್ತಿರುತ್ತದೆ. ಮೂತಿಯ ತಿರುವಿನಲ್ಲಿ ಅದಕ್ಕೆ ತಡೆ ಸಿಕ್ಕ ಕ್ಷಣವೇ ಇಡೀ ಗರಗಸ ಹಿಮ್ಮುಖವಾಗಿ, ಕೊಯ್ಯುವವರ ಮುಖದತ್ತ ಎಗರುತ್ತದೆ. ಕಿಕ್‌ಬ್ಯಾಕ್ ಎಂದು ಕರೆಯುವುದು ಇದನ್ನೇ. ಚೈನನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಇರುವುದು ಇದಕ್ಕಾಗಿಯೇ ಆದರೂ, ಮೂತಿ ಎಲ್ಲಿದೆ ಎಂದು ಕಾಣುತ್ತಿರುವುದು ಅದಕ್ಕಿಂತ ಮೊದಲಿನ ರಕ್ಷಣೆ.

ಆದ್ದರಿಂದ ಚೈನ್‌ಸಾ ಆರಿಸುವ ಮೊದಲು ಅಳೆಯಬೇಕಾದದ್ದು ಸೌದೆಯನ್ನು. ಮನೆಯ ಸೌದೆಯಲ್ಲಿ ಬಹುಪಾಲು ಆರರಿಂದ ಹನ್ನೆರಡು ಇಂಚು ದಪ್ಪದ್ದಾದರೆ, ಅದಕ್ಕಿಂತ ಎರಡು ಮೂರು ಇಂಚು ಹೆಚ್ಚು ಉದ್ದದ ಬಾರ್ ಸಾಕು. ಅಪರೂಪಕ್ಕೆ ಬರುವ ಇಪ್ಪತ್ತು ಇಂಚಿನ ಬೊಡ್ಡೆಯನ್ನು ಎರಡೂ ಬದಿಯಿಂದ ಕೊಯ್ದರೆ 16 ಇಂಚಿನ ಬಾರೇ ಅದನ್ನೂ ಮುಗಿಸುತ್ತದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ದಿಮ್ಮಿಯನ್ನು ನೆನೆದು ವರ್ಷವಿಡೀ ಭಾರದ ಬಾರನ್ನು ಎತ್ತಿಳಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅನೇಕ ಒಲೆಗಳಿಗೆ 16 ಇಂಚಿನ ಸೌದೆ ಹಿಡಿಯುವುದರಿಂದ, ಎಂಜಿನ್ ನಿಲ್ಲಿಸಿ ಬಾರನ್ನೇ ದಿಮ್ಮಿಯ ಉದ್ದಕ್ಕೆ ಇಟ್ಟು ಅಳತೆಗೋಲಾಗಿ ಬಳಸಬಹುದು ಎಂಬುದು ಈ ಅಳತೆಯ ಇನ್ನೊಂದು ಸುಖ.

ಬಾರಿನ ಉದ್ದವನ್ನು ಎಂಜಿನ್ನಿನಿಂದ ಬೇರ್ಪಡಿಸಿ ನೋಡುವಂತಿಲ್ಲ. ಸುಮಾರು 40 ಸಿಸಿ ಎಂಜಿನ್ನಿಗೆ 14 ಅಥವಾ 16 ಇಂಚು, 50 ಸಿಸಿಗೆ 16 ಅಥವಾ 18 ಇಂಚು ಹೊಂದುತ್ತದೆ. 50 ಸಿಸಿಗೆ 20 ಇಂಚನ್ನೂ ಹಾಕುವವರಿದ್ದಾರೆ, ಆದರೆ ಓಕ್‌ನಂಥ ಗಟ್ಟಿ ಮರದಲ್ಲಿ ಬಾರ್ ಪೂರ್ತಿ ಮುಳುಗಿದಾಗ ಎಂಜಿನ್ ಏದುಸಿರು ಬಿಡುತ್ತದೆ. ತಯಾರಕರು ಹೇಳುವ ಗರಿಷ್ಠ ಉದ್ದವೆಂದರೆ ಹಾಕಬಹುದಾದ ಉದ್ದ, ಹಾಕಲೇಬೇಕಾದದ್ದಲ್ಲ. ಬಾರ್ ಮತ್ತು ಚೈನ್ ಬಿಟ್ಟು ಸುಮಾರು ಐದು ಕೆಜಿ ತೂಗುವ 50 ಸಿಸಿ ಯಂತ್ರಕ್ಕೆ 16 ಇಂಚಿನ ಬಾರ್ ಹಾಕಿದರೆ, ಕೈಗೆ ಸಮತೂಕವೂ ಇರುತ್ತದೆ, ಶಕ್ತಿಯೂ ಮಿಗುತ್ತದೆ; ಒಂದೇ ಒಂದು ಜೋಡಿಯನ್ನು ಹೇಳಿ ಎಂದರೆ ನಾನು ಹೇಳುವುದು ಇದನ್ನೇ. ಆಗಾಗ ಸ್ವಲ್ಪ ಸ್ವಲ್ಪ ಕೊಯ್ಯುವವರಿಗೆ 14 ಇಂಚಿನ ಬ್ಯಾಟರಿ ಯಂತ್ರವೂ ಸಾಲುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ ತಪ್ಪುತ್ತದೆ, ಸದ್ದು ಕಡಿಮೆ; ಬಾರಿಗೆ ಎಣ್ಣೆ ಮಾತ್ರ ಅದಕ್ಕೂ ಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದವರೂ ಚೈನಿನ ಹಲ್ಲುಗಳನ್ನು ಹರಿತಗೊಳಿಸುವ ಅರದ ವಿಷಯದಲ್ಲಿ ಉದಾಸೀನ ತೋರುವುದು ನನಗೆ ವಿಚಿತ್ರವೆನಿಸುತ್ತದೆ. ಕೊಯ್ಯುವಾಗ ಮರದ ಚಕ್ಕೆಗಳು ಉದುರುತ್ತಿದ್ದರೆ ಚೈನ್ ಹರಿತವಾಗಿದೆ. ನುಣ್ಣನೆಯ ಪುಡಿ ಬರುತ್ತಿದ್ದರೆ, ಯಂತ್ರವನ್ನು ಒತ್ತಿ ಹಿಡಿಯಬೇಕಾಗಿ ಬಂದರೆ, ಹಲ್ಲು ಮೊಂಡಾಗಿದೆ. ಮೊಂಡು ಚೈನಿನ 60 ಸಿಸಿ ಯಂತ್ರಕ್ಕಿಂತ ಹರಿತವಾದ ಚೈನಿನ 40 ಸಿಸಿ ಯಂತ್ರ ಮೇಲು. ಪಿಚ್ ಎಂದರೆ ಚೈನಿನ ಕೊಂಡಿಗಳ ನಡುವಣ ಅಂತರದ ಅಳತೆ, ಇಂಚಿನಲ್ಲಿ. ಪಾಯಿಂಟ್ 325 ಪಿಚ್‌ನ ಚೈನಿಗೆ 4.8 ಮಿಲಿಮೀಟರಿನ, ಮೂರು ಬೈ ಎಂಟು ಪಿಚ್ಚಿನ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನಿಗೆ 4 ಮಿಲಿಮೀಟರಿನ ದುಂಡು ಅರ ಬೇಕು. ಬಾರ್ ಉದ್ದವಾದಷ್ಟೂ ಉಜ್ಜಬೇಕಾದ ಹಲ್ಲುಗಳೂ ಹೆಚ್ಚು ಎಂಬುದನ್ನು ಉದ್ದನೆಯ ಬಾರಿನ ಅಭಿಮಾನಿಗಳು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ದಪ್ಪ ದಿಮ್ಮಿಗಳೇ ಹೆಚ್ಚಾಗಿ ಸಿಗತೊಡಗಿದರೆ, ತಯಾರಕರು ಒಪ್ಪುವ ಮಿತಿಯೊಳಗೆ, ಅದೇ ಎಂಜಿನ್ನಿಗೆ ಇನ್ನೊಂದು ಉದ್ದನೆಯ ಬಾರನ್ನು ಕೊಂಡು ಇಟ್ಟುಕೊಳ್ಳಬಹುದು. ಆಗ ಬಾರಿನ ಬುಡ ಯಂತ್ರಕ್ಕೆ ಕೂರುತ್ತದೆಯೇ, ಅದರ ಚೈನಿನ ಪಿಚ್ ಚೈನನ್ನು ಓಡಿಸುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿಗೆ ಸರಿಹೊಂದುತ್ತದೆಯೇ, ಗೇಜ್, ಅಂದರೆ ಚೈನಿನ ಒಳಕೊಂಡಿಗಳ ದಪ್ಪ, ಬಾರಿನ ಅಂಚಿನ ಸೀಳಿಗೆ ಸಮನಾಗಿದೆಯೇ ಎಂದು ಹಳೆಯ ಬಾರಿನ ಮೇಲೆ ಕೆತ್ತಿರುವ ಅಂಕಿಗಳನ್ನು ನೋಡಿಕೊಂಡೇ ಕೊಳ್ಳಬೇಕು.